ಭೋಸರಿಯ ಟೂಲ್ ರೂಮಿನಲ್ಲಿ ಅಳತೆ ಕಲಿತದ್ದು

ಬೆಳಗಾವಿ ಜಿಲ್ಲೆಯ ಐಟಿಐ ಒಂದರಲ್ಲಿ ಎರಡು ವರ್ಷದ ಟರ್ನರ್ ತರಬೇತಿ ಮುಗಿಸಿ, 1961ರ ಅಪ್ರೆಂಟಿಸ್ ಕಾಯ್ದೆಯಡಿ ಪುಣೆಯ ಭೋಸರಿಗೆ ಬಂದಾಗ, ಲೋಹವನ್ನು ತಿರುಗಿಸುತ್ತ ಕಡೆಯುವ ಲೇತ್ ಯಂತ್ರ ಓಡಿಸಲು ಬಂದರೆ ಕೆಲಸವೇ ಬಂದಂತೆ ಎಂದು ನಾನು ನಂಬಿದ್ದೆ. ಆದರೆ ಮೊದಲ ಮೂರು ತಿಂಗಳು ಲೇತ್ ಮುಟ್ಟಲೂ ಸಿಗಲಿಲ್ಲ. ಅಚ್ಚು, ಉಪಕರಣ ತಯಾರಿಸುವ ಟೂಲ್ ರೂಮಿನ ಮೂಲೆಯಲ್ಲಿ, ಅಳತೆಗೆಂದೇ ಸಮತಟ್ಟು ಮಾಡಿದ ಗ್ರಾನೈಟ್ ಸರ್ಫೇಸ್ ಪ್ಲೇಟಿನ ಮುಂದೆ ನಿಂತು, ಬೇರೆಯವರು ಮಾಡಿದ ಪಂಚು, ಡೈ, ಗೈಡ್ ಪಿಲ್ಲರು ಎಂಬ ಅಚ್ಚಿನ ಭಾಗಗಳನ್ನು ಅಳೆದು ವಹಿಯಲ್ಲಿ ಬರೆಯುವುದಷ್ಟೇ ನನ್ನ ಪಾಲಿಗೆ ಬಂದ ಕೆಲಸ. ಅದು ನನಗೆ ಅವಮಾನವೆಂದೇ ತೋರುತ್ತಿತ್ತು.

ವಿಜಯಪುರದ ಕಡೆಯ ಹಿರಿಯರೊಬ್ಬರು, ಶಾಪಿನಲ್ಲಿ ಮರಾಠಿ, ಚಹಾದ ಹೊತ್ತಿಗೆ ಕನ್ನಡ ಆಡುವವರು, ನನ್ನ ವಹಿ ನೋಡುತ್ತಿದ್ದರು. ಒಂದೇ ತುಂಡನ್ನು ಸೂಕ್ಷ್ಮ ಅಳತೆಯ ಸಾಧನವಾದ ಮೈಕ್ರೋಮೀಟರಿನಿಂದ ಮೂರು ಸಲ, ರ‍್ಯಾಚೆಟ್ (ಒತ್ತಡ ಸಮವಾಗಿರಿಸುವ ತುದಿಯ ಹಿಡಿ) ಹಿಡಿದೇ ತಿರುಗಿಸಿ ಅಳೆಯಬೇಕು. ಮೂರು ಅಳತೆಗಳು ಎರಡು ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿ.ಮೀ.ಯ ಸಾವಿರದಲ್ಲೊಂದು ಭಾಗ) ಹೆಚ್ಚು ಬೇರೆಯಾದರೆ ಯಾವುದನ್ನೂ ಬರೆಯಕೂಡದು ಎಂಬುದು ಅವರ ಕಟ್ಟುನಿಟ್ಟು. ಪ್ರಮಾಣ ಅಳತೆಯ ಉಕ್ಕಿನ ತುಂಡುಗಳಾದ ಸ್ಲಿಪ್ ಗೇಜುಗಳನ್ನು ಬರಿಗೈಯಲ್ಲಿ ಮುಟ್ಟಿದರೆ ಬೈಗುಳವೇ ಬೀಳುತ್ತಿತ್ತು. ಮಳೆಗಾಲದಲ್ಲಿ ಬೆವರಿನ ಬೆರಳಚ್ಚು ಬೆಳಗಾಗುವಷ್ಟರಲ್ಲಿ ತುಕ್ಕಿನ ಕಲೆಯಾಗಿ ಕುಳಿತಿರುವುದನ್ನು ಕಂಡ ಮೇಲೆ ಆ ಸಿಟ್ಟಿಗೆ ಕಾರಣವೂ ತಿಳಿಯಿತು.

ನಾಲ್ಕನೆಯ ತಿಂಗಳು ಲೋಹದ ಮೈಯನ್ನು ಸಮತಟ್ಟಾಗಿ ಉಜ್ಜುವ ಸರ್ಫೇಸ್ ಗ್ರೈಂಡರ್ ಕೊಟ್ಟರು. ಡಿ2 ಎಂಬ ಟೂಲ್ ಉಕ್ಕಿನ, ಗಡಸುತನದ ಅಳತೆಯಲ್ಲಿ 60 ಎಚ್‌ಆರ್‌ಸಿಯಷ್ಟು ಹದಗೊಳಿಸಿದ ಪಂಚಿನ ಅಗಲ 60.000 ಮಿ.ಮೀ. ಬರಬೇಕಿತ್ತು, ಆಚೀಚೆ ಐದು ಮೈಕ್ರಾನ್ ಮಾತ್ರ ಮಾಫಿ. ಪಾಳಿ ಮುಗಿಯುವ ಆತುರದಲ್ಲಿ, ತಂಪುಗೊಳಿಸುವ ದ್ರವವಾದ ಕೂಲಂಟ್ ಸರಿಯಾಗಿ ಬೀಳುತ್ತಿಲ್ಲವೆಂದು ಗೊತ್ತಿದ್ದೂ ಗ್ರೈಂಡ್ ಮಾಡಿ, ಇಳಿಸಿದ ಕೂಡಲೇ ಅಳೆದೆ, ಸರಿಯಾಗಿ 60.000. ಮರುದಿನ ಬೆಳಿಗ್ಗೆ ಅದೇ ಪಂಚು 59.984 ತೋರಿಸಿತು. ಉಕ್ಕು ಪ್ರತಿ 100 ಮಿ.ಮೀ.ಗೆ, ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 1.1 ಮೈಕ್ರಾನ್ ಹಿಗ್ಗುತ್ತದೆ. ತುಂಡು ಕೋಣೆಗಿಂತ 25 ಡಿಗ್ರಿ ಬಿಸಿಯಿದ್ದರೂ ಸಾಕು, ಆ ಹದಿನಾರು ಮೈಕ್ರಾನಿನ ಲೆಕ್ಕ ಕೂಡಿಬರುತ್ತದೆ. ಕಡಿಮೆಯಾದ ಪಂಚಿಗೆ ಲೋಹ ಸೇರಿಸಲಾಗುವುದಿಲ್ಲ, ಆದ್ದರಿಂದ ಗರಗಸದಿಂದ ಮೊದಲ್ಗೊಂಡು ಹದಗೊಳಿಸುವವರೆಗಿನ ಕೆಲಸವೆಲ್ಲ ಮತ್ತೆ ಆಯಿತು. ಅಳತೆಯ ಪ್ರಮಾಣ ಉಷ್ಣತೆ 20 ಡಿಗ್ರಿ ಎಂದು ಐಟಿಐನಲ್ಲಿ ಬಾಯಿಪಾಠ ಮಾಡಿದ್ದೆನಾದರೂ, ಪುಣೆಯ ಏಪ್ರಿಲ್ಲಿನಲ್ಲಿ ಆ 20 ಡಿಗ್ರಿಯನ್ನು ತರುವುದೆಲ್ಲಿಂದ? ತುಂಡು ಮತ್ತು ಮೈಕ್ರೋಮೀಟರ್ ಎರಡನ್ನೂ ಒಂದೇ ಪ್ಲೇಟಿನ ಮೇಲೆ ಸಾಕಷ್ಟು ಹೊತ್ತು ಇಟ್ಟರೆ, ಎರಡೂ ಉಕ್ಕೇ ಆದ್ದರಿಂದ ಬಹುಮಟ್ಟಿಗೆ ಒಟ್ಟಿಗೇ ಹಿಗ್ಗಿರುತ್ತವೆ. ಆ ತಾಳ್ಮೆಯನ್ನು ನಾನು ಒಂದು ಪಂಚು ಕೆಡಿಸಿ ಕಲಿತೆ.

ನನ್ನ ಜೊತೆಯವರಲ್ಲಿ ಕೆಲವರು ಕಂಪ್ಯೂಟರ್ ನಡೆಸುವ ಯಂತ್ರಗಳ, ಅಂದರೆ ಸಿಎನ್‌ಸಿ ಆಪರೇಟರುಗಳಾಗಿ ಪುಣೆ ಬಳಿಯ ಕೈಗಾರಿಕಾ ಪ್ರದೇಶವಾದ ಚಾಕಣಕ್ಕೆ ಹೋದರು. ಮೊದಲಿಗೆ ಅವರ ಸಂಬಳ ನನ್ನದಕ್ಕಿಂತ ಹೆಚ್ಚೇ ಇತ್ತು. ಆದರೆ ತುಂಡು ಏರಿಸಿ ಗುಂಡಿ ಒತ್ತಿ ಇಳಿಸುವ ಕೆಲಸದಿಂದ ಮೇಲೆ ಬಂದವರು ಕಡಿಮೆ. ನಾನು ಟೂಲ್ ರೂಮಿನಲ್ಲೇ ಉಳಿದು ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರವಾದ ವಿಎಂಸಿಯ ಸೆಟ್ಟಿಂಗ್, ಆಮೇಲೆ 0.25 ಮಿ.ಮೀ. ಹಿತ್ತಾಳೆ ತಂತಿಯ ವಿದ್ಯುತ್ ಕಿಡಿಯಿಂದ ಉಕ್ಕು ಕತ್ತರಿಸುವ ವೈರ್‌ಕಟ್ ಕಲಿತೆ. ಡ್ರಾಯಿಂಗಿನಲ್ಲಿ 25 ಎಚ್7 ಎಂದು ಗುರುತಿಸಿದ ರಂಧ್ರ 25.000ದಿಂದ 25.021 ಮಿ.ಮೀ.ಯೊಳಗೆ ನಿಲ್ಲಬೇಕಾದಾಗ, ಯಂತ್ರಕ್ಕೆ ಕೊಡುವ ತಿದ್ದುಪಡಿ, ಅಂದರೆ ಆಫ್‌ಸೆಟ್ ಎಷ್ಟು ಕೊಡಬೇಕೆಂಬುದು ಕೈಯಲ್ಲಿರುವ ಅಳತೆಯನ್ನು ನಂಬಬಹುದೇ ಎಂಬುದರ ಮೇಲೆಯೇ ನಿಂತಿರುತ್ತದೆ.

ಈಗ ಹೊಸ ಅಪ್ರೆಂಟಿಸರನ್ನು ಆರಿಸುವಾಗ ನಾನು ಕೈಗೆ ಮೈಕ್ರೋಮೀಟರ್ ಕೊಟ್ಟು ಸುಮ್ಮನೆ ನೋಡುತ್ತೇನೆ. ಕಳೆದ ಸಲ ಬಂದ ಐವರಲ್ಲಿ ಒಬ್ಬನೇ ಮೊದಲು ಅದರ ಅಳೆಯುವ ಮುಖಗಳನ್ನು ಒರೆಸಿ, ಅದು ಸರಿಯಾಗಿ ಶೂನ್ಯ ತೋರಿಸುತ್ತದೆಯೇ ಎಂದು ಪರೀಕ್ಷಿಸಿದ. ಅವನಿಗೆ ಡ್ರಾಯಿಂಗ್ ಸರಿಯಾಗಿ ಓದಲು ಬರುತ್ತಿರಲಿಲ್ಲ, ಆದರೂ ಅವನನ್ನೇ ತೆಗೆದುಕೊಂಡೆವು.