ಫೈಲ್ ಹೆಸರು ಬಿಟ್ಟು ಒಳಗಿನ ಪದ ಹುಡುಕಿದೆ, ಸರ್ವಿಸ್ ಮ್ಯಾನುವಲ್ ಸಿಕ್ಕಿತು

ಹಳೆ ಮೆಷಿನ್ ರಿಪೇರಿ ಮಾಡುವವರಿಗೆ ಸರ್ವಿಸ್ ಮ್ಯಾನುವಲ್ ಹುಡುಕುವ ಗೋಳು ಗೊತ್ತೇ ಇದೆ. ಗೂಗಲ್‌ನಲ್ಲಿ ಮಾಡೆಲ್ ನಂಬರ್ ಜೊತೆ ‘ಸರ್ವಿಸ್ ಮ್ಯಾನುವಲ್ ಫ್ರೀ ಡೌನ್‌ಲೋಡ್’ ಅಂತ ಹಾಕಿದರೆ ಮೊದಲ ಪುಟದ ತುಂಬ ಒಂದೇ ಅಚ್ಚಿನ ಸೈಟುಗಳು. ಮಾಡೆಲ್ ಹೆಸರು ಇರುತ್ತದೆ, ದೊಡ್ಡ ಬಟನ್ ಇರುತ್ತದೆ, ಫೈಲ್ ಮಾತ್ರ ಇರಲ್ಲ. ದುಡ್ಡು ತೆಗೆದುಕೊಳ್ಳುವ ಸೈಟುಗಳೂ ಕೈಕೊಟ್ಟಿವೆ. ಒಂದು ಕಡೆ ದುಡ್ಡು ಕಟ್ಟಿದ ಮೇಲೆ ಬಂದದ್ದು ಬಳಕೆದಾರರ ಕೈಪಿಡಿ, ಮೆಷಿನ್ ಜೊತೆ ಡಬ್ಬದಲ್ಲೇ ಬರುವಂಥದ್ದು. ವಾಪಸ್ ಕೇಳಿದರೆ ಉತ್ತರವೇ ಇಲ್ಲ. ಹೀಗೆ ಹೋದ ದುಡ್ಡೆಲ್ಲ ಸೇರಿಸಿದ್ದರೆ ಒಂದು ಒಳ್ಳೆ ಮಲ್ಟಿಮೀಟರ್ ಬರುತ್ತಿತ್ತು.

ಮ್ಯಾನುವಲ್ ಒಳಗೆ ‘ಫ್ರೀ ಡೌನ್‌ಲೋಡ್’ ಅಂತ ಯಾರೂ ಅಚ್ಚು ಹಾಕಿರಲ್ಲ, ಅಲ್ವಾ? ಒಳಗೆ ಇರುವುದು ‘ಎಕ್ಸ್‌ಪ್ಲೋಡೆಡ್ ವ್ಯೂ’ (ಭಾಗಗಳನ್ನು ಬಿಡಿಬಿಡಿಯಾಗಿ ತೋರಿಸುವ ಚಿತ್ರ), ‘ಪಾರ್ಟ್ಸ್ ಲಿಸ್ಟ್’, ‘ವೈರಿಂಗ್ ಡಯಾಗ್ರಂ’, ಎರರ್ ಕೋಡ್ ಪಟ್ಟಿ. ಹಾಗಾಗಿ ಅವನ್ನೇ ಹುಡುಕಲು ಶುರು ಮಾಡಿದೆ. ಮಾಡೆಲ್ ನಂಬರ್ ಕೋಟ್ಸ್ ಒಳಗೆ, ‘ಎಕ್ಸ್‌ಪ್ಲೋಡೆಡ್ ವ್ಯೂ’ ಇನ್ನೊಂದು ಕೋಟ್ಸ್ ಒಳಗೆ, ಕೊನೆಗೆ ಫೈಲ್‌ಟೈಪ್ ಕೋಲನ್ ಪಿಡಿಎಫ್ (filetype:pdf), ಅಂದರೆ ಪಿಡಿಎಫ್ ಫೈಲ್ ಮಾತ್ರ ತೋರಿಸು ಅಂತ. ಕೋಲನ್ ಆದಮೇಲೆ ಸ್ಪೇಸ್ ಬಿಟ್ಟರೆ ಕೆಟ್ಟಿತು. ಫೈಲ್‌ಟೈಪ್ ಕೂಡ ಮಾಮೂಲಿ ಪದ ಆಗಿಬಿಡುತ್ತದೆ.

‘ಎಐ ಇರುವಾಗ ಈ ಕೋಲನ್, ಮೈನಸ್ ಎಲ್ಲ ಯಾರಿಗೆ ಬೇಕು’ ಅಂತ ಗೆಳೆಯರು ನಕ್ಕರು. ಎಐಯನ್ನೂ ಕೇಳಿ ನೋಡಿದೆ. ಪಕ್ಕದ ಮಾಡೆಲ್‌ನ ಫ್ಯೂಸ್ ರೇಟಿಂಗ್ ಹೇಳಿತು, ಅದೂ ಖಡಾಖಂಡಿತವಾಗಿ. ನನ್ನ ದಾರಿಯಲ್ಲಿ ಹತ್ತರಲ್ಲಿ ಆರೇಳು ಮ್ಯಾನುವಲ್ ಅರ್ಧ ಗಂಟೆಯೊಳಗೆ ಸಿಗುತ್ತವೆ. ಮೊದಲು ಹತ್ತಕ್ಕೆ ಒಂದೋ ಎರಡೋ.

ಜಾಸ್ತಿ ತಲೆ ತಿಂದದ್ದು ಮಾಡೆಲ್ ನಂಬರ್. ನಂಬರಿನ ನಡುವೆ ಅಡ್ಡಗೆರೆ ಇದ್ದರೆ ಮೂರು ಥರ ಹಾಕಿ ನೋಡಬೇಕು: ಗೆರೆ ಇಟ್ಟು, ಸ್ಪೇಸ್ ಬಿಟ್ಟು, ಪೂರ್ತಿ ಕೂಡಿಸಿ. ಮೂರನ್ನೂ ನಡುವೆ ಆರ್ (OR, ‘ಅಥವಾ’) ಹಾಕಿ ಒಂದೇ ಸಾಲಿನಲ್ಲಿ ಕೊಡಬಹುದು. ಆ ಆರ್ ದೊಡ್ಡಕ್ಷರದಲ್ಲೇ ಇರಬೇಕು. ಇಷ್ಟಾದರೂ ಸಿಗದಿದ್ದರೆ ಸ್ಕ್ಯಾನ್‌ನ ಗುಮಾನಿ ಬರಬೇಕು. ಹಳೆ ಪಿಡಿಎಫ್‌ಗಳಲ್ಲಿ ಎಷ್ಟೋ ಬರೀ ಪುಟದ ಫೋಟೋ. ಗೂಗಲ್ 2008ರಿಂದ ಅವುಗಳ ಅಕ್ಷರ ಓದುತ್ತಿದೆ, ಆದರೆ ಮಸುಕಾದ ಪುಟದಲ್ಲಿ ಸೊನ್ನೆಯನ್ನು ‘ಓ’ ಅಂತಲೂ ಒಂದನ್ನು ‘ಐ’ ಅಂತಲೂ ಓದುತ್ತದೆ. ಅದು ತಪ್ಪು ಓದಿದ ಹಾಗೆಯೇ ನಾನೂ ತಪ್ಪಾಗಿ ಟೈಪ್ ಮಾಡಿದೆ. ಎಷ್ಟೋ ದಿನದಿಂದ ಸಿಗದೇ ಇದ್ದ ಒಂದು ಪಾರ್ಟ್ಸ್ ಲಿಸ್ಟ್ ಎರಡನೇ ಸಾಲಿನಲ್ಲೇ ಬಂತು! ಈ ಉಪಾಯ ಬೇರೆ ಯಾರೂ ಬಳಸಿದ್ದು ನಾನಂತೂ ಕಂಡಿಲ್ಲ.

ಕಸದ ಸೈಟುಗಳನ್ನು ಮೈನಸ್ ಸೈಟ್ ಕೋಲನ್ (-site:) ಮುಂದೆ ವಿಳಾಸ ಹಾಕಿ ಹೊರಗಿಡುತ್ತೇನೆ. ಮೊದಲು ಇಪ್ಪತ್ತು ಮೂವತ್ತು ಸೈಟಿನ ಉದ್ದ ಪಟ್ಟಿ ಅಂಟಿಸುತ್ತಿದ್ದೆ. ಪ್ರಯೋಜನವಾಗಲಿಲ್ಲ. ಗೂಗಲ್ 32 ಪದ ದಾಟಿದ್ದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಈಗ ಕಾಟ ಕೊಡುವ ಐದಾರನ್ನು ಮಾತ್ರ ತೆಗೆಯುತ್ತೇನೆ. ಈ ಪದ ಇರಲೇಬೇಕು ಅಂತ ಹೇಳುವ ಪ್ಲಸ್ ಚಿಹ್ನೆ 2011ರಲ್ಲೇ ಹೋಯಿತು, ಇನ್ನೂ ಅದನ್ನೇ ಹಾಕುವವರು ಸುಮ್ನೆ ಬೆರಳು ಸವೆಸುತ್ತಿದ್ದಾರೆ. ಅದರ ಬದಲು ಟೂಲ್ಸ್ ಒಳಗೆ ವರ್ಬಾಟಿಂ ಇದೆ. ನಾವು ಬರೆದ ಪದವನ್ನು ಗೂಗಲ್ ತನಗೆ ತೋಚಿದ ಹಾಗೆ ಬದಲಿಸುವುದನ್ನು ಅದು ತಡೆಯುತ್ತದೆ. 2024ರಲ್ಲಿ ಬಂದ ‘ವೆಬ್’ ಫಿಲ್ಟರ್ ಒತ್ತಿದರೆ ಎಐ ಸಾರಾಂಶ, ವಿಡಿಯೋ ಎಲ್ಲ ಸರಿದು ಬರೀ ಕೊಂಡಿಗಳು ಉಳಿಯುತ್ತವೆ.

ಕಂಪನಿಯೇ ಮುಚ್ಚಿಹೋಗಿದ್ದರೆ ಗೂಗಲ್ ಬಿಡಿ. ಅದರ ಹಳೆ ಸೈಟ್ ವಿಳಾಸವನ್ನು ವೇಬ್ಯಾಕ್ ಮೆಷಿನ್‌ನಲ್ಲಿ (ಹಳೆ ವೆಬ್ ಪುಟಗಳ ನಕಲು ಉಳಿಸಿಡುವ ಸೈಟ್) ಹಾಕಿ, ಕೊನೆಗೆ ಸ್ಲ್ಯಾಷ್ ಮತ್ತು ನಕ್ಷತ್ರ (/*) ಸೇರಿಸಿ. ಆ ಸೈಟಿನಿಂದ ಉಳಿಸಿಟ್ಟ ಫೈಲುಗಳ ಪಟ್ಟಿ ಬರುತ್ತದೆ. ಫಿಲ್ಟರ್ ಡಬ್ಬಿಯಲ್ಲಿ ‘ಪಿಡಿಎಫ್’ ಅಂತ ಟೈಪ್ ಮಾಡಿ. ದುಡ್ಡಿಗೆ ಮಾರುವ ಮ್ಯಾನುವಲ್‌ಗಳಲ್ಲಿ ಕೆಲವು ಅಲ್ಲೇ ಬಿಟ್ಟಿ ಬಿದ್ದಿರುತ್ತವೆ. ಪಟ್ಟಿಯಲ್ಲಿ ಹೆಸರು ಇದ್ದೂ ತೆರೆಯದ ಫೈಲುಗಳು ಇವೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ನಡುವೆ ಫೋಟೋ ಹುಡುಕಾಟಕ್ಕೂ ಕೈ ಹಾಕಿದೆ. ಸರ್ಕ್ಯೂಟ್ ಬೋರ್ಡಿನ ಪೂರ್ತಿ ಫೋಟೋ ಕೊಟ್ಟರೆ ಗೂಗಲ್ ಲೆನ್ಸ್ ಅದೇ ಹಸಿರು ಬಣ್ಣದ ನೂರು ಬೋರ್ಡ್ ತೋರಿಸಿತು. ಮೂಲೆಯ ಲೇಬಲ್ ಮಾತ್ರ ಕ್ರಾಪ್ ಮಾಡಿ ಕೊಟ್ಟಾಗ ಬೋರ್ಡಿನ ನಂಬರ್ ಓದಿ ಸರಿಯಾದ ಪುಟಕ್ಕೆ ಹೋಯಿತು. ಮಾಡೆಲ್ ನಂಬರಿಗಿಂತ ಬೋರ್ಡ್ ನಂಬರ್ ಎಷ್ಟೋ ಸಲ ಮೇಲು, ಯಾಕೆಂದರೆ ಒಂದೇ ಬೋರ್ಡನ್ನು ನಾಲ್ಕೈದು ಮಾಡೆಲ್‌ಗೆ ಹಾಕಿರುತ್ತಾರೆ. ಗೂಗಲ್‌ನಲ್ಲಿ ಬಿಫೋರ್, ಆಫ್ಟರ್ (before:, after:) ಅಂತ ದಿನಾಂಕ ಕೊಟ್ಟು ನೋಡಿದ್ದು ಮಾತ್ರ ದಂಡ. ಅಲ್ಲಿ ಲೆಕ್ಕಕ್ಕೆ ಬರುವುದು ಪುಟಕ್ಕೆ ಗೂಗಲ್ ಊಹಿಸಿದ ದಿನಾಂಕ, ಮ್ಯಾನುವಲ್ ಅಚ್ಚಾದ ವರ್ಷ ಅಲ್ಲ.

ಪಾರ್ಟ್ಸ್ ಲಿಸ್ಟ್ ಜೊತೆ ನಾನು ಸೇರಿಸುವ ಇನ್ನೆರಡು ಪದಗಳಿವೆ, ಅವನ್ನು ಇಲ್ಲಿ ಬರೆಯಲ್ಲ. ಬರೆದ ವಾರಕ್ಕೆ ಆ ಕಸದ ಸೈಟುಗಳೂ ಅವನ್ನೇ ತುಂಬಿಕೊಳ್ಳುತ್ತವೆ. ನಿಮ್ಮ ಕೈಲಿರುವ ನಾಲ್ಕೈದು ಮ್ಯಾನುವಲ್ ತೆರೆದು ಪ್ರತಿ ಪುಟದ ಕೆಳಗೆ ಏನು ಅಚ್ಚಾಗಿದೆ ನೋಡಿ, ನಿಮಗೇ ಹೊಳೆಯುತ್ತದೆ. ಅವತ್ತು ನಕ್ಕ ಗೆಳೆಯರು ಈಗ ನನಗೇ ಮಾಡೆಲ್ ನಂಬರ್ ಕಳಿಸುತ್ತಾರೆ. ಒಂದೆರಡಕ್ಕೆ ಬಿಟ್ಟಿ, ಆಮೇಲಿನದಕ್ಕೆ ದುಡ್ಡು ತಗೊಳ್ಳುತ್ತೇನೆ.