ಫೋಲ್ಡರಿನ ಹೆಸರು ಕೊಟ್ಟ ಶೇ 4

ಪಿಎಚ್‌ಡಿಯ ಎರಡನೇ ವರ್ಷ. ಕಂಪೈಲರ್‌ಗೆ, ಅಂದರೆ ಬರೆದ ಕೋಡನ್ನು ಮಷಿನ್ ಓಡಿಸಬಲ್ಲ ರೂಪಕ್ಕೆ ತಿರುಗಿಸುವ ತಂತ್ರಾಂಶಕ್ಕೆ, ನಾನು ಸೇರಿಸಿದ ಆಪ್ಟಿಮೈಸೇಶನ್‌ನಿಂದ (ವೇಗ ಹೆಚ್ಚಿಸುವ ಸುಧಾರಣೆಯಿಂದ) ಪ್ರೋಗ್ರಾಮುಗಳು ಸರಾಸರಿ ಶೇ 4ರಷ್ಟು ಬೇಗ ಓಡುತ್ತಿದ್ದವು. ಹೊರಗಿನವರಿಗೆ ಇದು ನಗು ತರಿಸಬಹುದು, ಆದರೆ ನಮ್ಮಲ್ಲಿ ಅಷ್ಟಕ್ಕೇ ಪೇಪರ್ ಆಗುತ್ತದೆ. ಗ್ರಾಫ್ ಸಿದ್ಧವಿತ್ತು, ಪೀಠಿಕೆಯನ್ನೂ ಬರೆದಾಗಿತ್ತು. ಡೆಡ್‌ಲೈನಿಗೆ ಮೂರು ವಾರ ಇದ್ದಾಗ ಲ್ಯಾಬಿನ ಜೂನಿಯರ್ ಒಬ್ಬಳು ತನ್ನ ಅಕೌಂಟಿನಲ್ಲಿ ಓಡಿಸಿ ನೋಡಿ, "ನನಗೆ ಶೇ 1 ನಿಧಾನವೇ ಆಗ್ತಿದೆಯಲ್ಲ" ಅಂದಳು. ಅದೇ ಮಷಿನ್, ಕಂಪೈಲ್ ಆಗಿ ಬಂದ ಅದೇ ಬೈನರಿ ಫೈಲುಗಳು.

ಎರಡು ದಿನ ಅವಳೇ ಏನೋ ಎಡವಟ್ಟು ಮಾಡಿದ್ದಾಳೆ ಅಂದುಕೊಂಡಿದ್ದೆ. ಪ್ರೊಸೆಸರಿನ ವೇಗವನ್ನು ತಾನಾಗಿ ಏರಿಸುವ ಟರ್ಬೊ ಆಫ್ ಮಾಡಿ ನೋಡಿದೆ, ಪ್ರೋಗ್ರಾಮನ್ನು ಪ್ರೊಸೆಸರಿನ ಒಂದೇ ಕೋರ್‌ಗೆ ಕಟ್ಟಿಹಾಕಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಬೇಸತ್ತು ಅವಳ ಫೈಲುಗಳನ್ನು ನನ್ನ ಫೋಲ್ಡರಿಗೆ ಹಾಕಿ ಓಡಿಸಿದೆ. ಶೇ 4 ವಾಪಸ್ ಬಂತು! ಫೋಲ್ಡರಿನ ಹೆಸರು ಬದಲಿಸಿದೆ, ಮಾಯ.

ಲಿನಕ್ಸ್‌ನಲ್ಲಿ ಪ್ರೋಗ್ರಾಮ್ ಶುರುವಾಗುವಾಗ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳೆಲ್ಲ (ಸಿಸ್ಟಮ್ ಪ್ರೋಗ್ರಾಮಿಗೆ ಕೊಡುವ ಹೆಸರು-ಬೆಲೆಗಳ ಪಟ್ಟಿ) ಸ್ಟ್ಯಾಕಿನ, ಅಂದರೆ ಪ್ರೋಗ್ರಾಮ್ ತನ್ನ ತಾತ್ಕಾಲಿಕ ಡೇಟಾ ಇಡುವ ಮೆಮೊರಿ ಜಾಗದ, ತುದಿಯಲ್ಲಿ ಕೂರುತ್ತವೆ. ನಾವಿರುವ ಫೋಲ್ಡರಿನ ಪೂರ್ತಿ ಹಾದಿಯೂ ಅವುಗಳಲ್ಲೊಂದು. ಹಾದಿ ಉದ್ದವಾದಷ್ಟೂ ಸ್ಟ್ಯಾಕ್ ಕೆಳಗೆ ಸರಿಯುತ್ತದೆ, ಅದರಲ್ಲಿರುವ ಅರೇಗಳ (ಸಾಲಾಗಿ ಇಟ್ಟ ಡೇಟಾದ) ವಿಳಾಸವೂ ಸರಿಯುತ್ತದೆ. ಪ್ರೊಸೆಸರ್ ಮೆಮೊರಿಯಿಂದ ಡೇಟಾವನ್ನು 64 ಬೈಟಿನ ಕಂತುಗಳಲ್ಲಿ ತರುತ್ತದೆ, ಅದೇ ಕ್ಯಾಶ್ ಲೈನ್. ಒಂದು ಲೈನಿನೊಳಗೆ ಇದ್ದ ಡೇಟಾ ಈಗ ಎರಡು ಲೈನುಗಳಿಗೆ ಕಾಲು ಚಾಚಬಹುದು, ಆಗ ವೇಗ ಬದಲಾಗುತ್ತದೆ. ನನ್ನ ಹಳೆಯ ಆವೃತ್ತಿ 'ಬೇಸ್' ಅನ್ನುವ ಫೋಲ್ಡರಿನಲ್ಲಿತ್ತು, ಹೊಸದು 'ಫೈನಲ್_ಹೊಸದು_ಸರಿಯಾದದ್ದು_2'ರಲ್ಲಿ.

ಇನ್ನೂ ನಾಚಿಕೆಯ ವಿಷಯವೊಂದಿದೆ. ಅಳತೆ ಅಲುಗಾಡಬಾರದೆಂದು ಪ್ರತಿ ಸಲ ಮೆಮೊರಿ ವಿಳಾಸಗಳನ್ನು ಚೆದುರಿಸುವ ಎಎಸ್‌ಎಲ್‌ಆರ್ ಎಂಬ ವ್ಯವಸ್ಥೆಯನ್ನು ನಾನೇ ಆಫ್ ಮಾಡಿದ್ದೆ. ಐದು ಸಲ ಓಡಿಸಿದರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಗೈಡ್ ಮುಂದೆ ಬೀಗಿದ್ದೆ. ನಿಂತ ಗಡಿಯಾರವೂ ಅಲುಗಾಡುವುದಿಲ್ಲ ನೋಡಿ. ಎಎಸ್‌ಎಲ್‌ಆರ್ ಇದ್ದಿದ್ದರೆ ಅಂಕಿಗಳು ಚೆಲ್ಲಾಪಿಲ್ಲಿಯಾಗಿ ನನಗೆ ಸಂಶಯವಾದರೂ ಬರುತ್ತಿತ್ತು. ಸಂಶೋಧಕ ಮಿಟ್ಕೊವಿಚ್ ಮತ್ತು ಸಂಗಡಿಗರು 2009ರಲ್ಲೇ ಒಂದು ಪೇಪರಿನಲ್ಲಿ ಇದನ್ನು ತೋರಿಸಿದ್ದರು: ಎನ್ವಿರಾನ್‌ಮೆಂಟಿನ ಗಾತ್ರ, ಫೈಲುಗಳನ್ನು ಲಿಂಕ್ ಮಾಡುವ (ಸೇರಿಸಿ ಒಂದೇ ಪ್ರೋಗ್ರಾಮ್ ಮಾಡುವ) ಕ್ರಮ, ಇಂಥವೇ ತೀರ್ಮಾನವನ್ನು ತಲೆಕೆಳಗು ಮಾಡಬಲ್ಲವು ಎಂದು. ಆ ಪೇಪರ್ ನನ್ನ ಉಲ್ಲೇಖಪಟ್ಟಿಯಲ್ಲೂ ಇತ್ತು. ಓದಿದ್ದು ಸಾರಾಂಶ ಮಾತ್ರ.

ಹೊಸದಾಗಿ ಸ್ಕ್ರಿಪ್ಟ್ ಬರೆದೆ. ಪ್ರತಿ ಸುತ್ತಿಗೂ 0ರಿಂದ 4096 ಬೈಟಿನೊಳಗೆ ಯಾವುದೋ ಒಂದು ಉದ್ದದ, ಬೇರೆ ಕೆಲಸಕ್ಕೆ ಬಾರದ ಎನ್ವಿರಾನ್‌ಮೆಂಟ್ ವೇರಿಯಬಲ್ ಸೇರಿಸುವುದು, ಲಿಂಕ್ ಕ್ರಮವನ್ನು ಕಲಸುವುದು. ಹಳೆಯದನ್ನೆಲ್ಲ ಮೊದಲು, ಹೊಸದನ್ನೆಲ್ಲ ಆಮೇಲೆ ಓಡಿಸುವ ಅಭ್ಯಾಸ ಬಿಟ್ಟು ಹಳೆಯದೊಂದು ಹೊಸದೊಂದು ಎಂದು ಸರದಿಯಂತೆ ಓಡಿಸುವುದು. ಇಲ್ಲದಿದ್ದರೆ ಮಷಿನ್ ಬಿಸಿಯಾದ ಪಾಪವೆಲ್ಲ ಎರಡನೆಯದರ ತಲೆಗೆ ಬರುತ್ತದೆ. ಹೀಗೆ ಪ್ರತಿ ಪ್ರೋಗ್ರಾಮಿಗೆ 30 ಸುತ್ತು. ಸರಾಸರಿ ಶೇ 0.6ಕ್ಕೆ ಇಳಿಯಿತು, ವಿಶ್ವಾಸಾಂತರ, ಅಂದರೆ ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ, ಸೊನ್ನೆಯನ್ನೂ ನುಂಗಿಕೊಂಡಿತ್ತು. ಅಂದರೆ ಏನೂ ಇಲ್ಲ.

ಪೇಪರ್ ಕಳಿಸಲಿಲ್ಲ. ಗೈಡ್ ಬೈಯುತ್ತಾರೆ ಅಂದುಕೊಂಡೇ ಟೇಬಲ್ ಮುಂದಿಟ್ಟೆ. ಅವರು ಸ್ವಲ್ಪ ಹೊತ್ತು ನೋಡಿ, "ಈ ಎರಡು ಪ್ರೋಗ್ರಾಮುಗಳಲ್ಲಿ ಮಾತ್ರ ಲಾಭ ಹೋಗಿಲ್ಲ. ಯಾಕೆ?" ಅಂದರು. ನಾನು ಗಮನಿಸಿಯೇ ಇರಲಿಲ್ಲ. ಎರಡರಲ್ಲೂ ಒಂದರೊಳಗೊಂದು ನಾಲ್ಕು ಲೂಪುಗಳಿದ್ದವು (ಲೂಪ್ ಎಂದರೆ ಮತ್ತೆ ಮತ್ತೆ ಓಡುವ ಕೋಡ್). ಮುಂದಿನ ಏಳು ತಿಂಗಳು ಆ ಲೂಪುಗಳಲ್ಲೇ ಕಳೆದೆ. ಥೀಸಿಸ್‌ನ ಮೂರನೇ ಅಧ್ಯಾಯ ಅದೇ.