ಸಿಲಿಕಾ ಧೂಳು ಅಳೆಯೋಕೆ ಪಂಪು ಕೆಲಸಗಾರರ ಮೈಮೇಲೇ ಇರ್ಬೇಕು – ನನ್ನ ಅನುಭವ

ಜಿಗಣಿ ಕಡೆ ಒಂದು ಗ್ರಾನೈಟ್ ಕಟಿಂಗ್ ಪಾಲಿಶಿಂಗ್ ಯೂನಿಟ್‌ನಲ್ಲಿ ಸಿಲಿಕಾ ಧೂಳು (ಸಿಲಿಕಾ ಅಂದ್ರೆ ಕಲ್ಲಲ್ಲಿರೋ ಖನಿಜ, ಅದರ ಸಣ್ಣ ಧೂಳು ಶ್ವಾಸಕೋಶ ಹಾಳು ಮಾಡುತ್ತೆ) ಹೇಗೆ ಅಳೆದೆ ಅಂತ ಬರೀತಿದೀನಿ, ಸೇಫ್ಟಿ ಫೀಲ್ಡಿಗೆ ಹೊಸದಾಗಿ ಬರೋರಿಗೆ ಉಪಯೋಗ ಆಗ್ಲಿ ಅಂತ. ಮಾಲೀಕರು ಹಳೇ ರಿಪೋರ್ಟ್ ಒಂದು ತೋರಿಸಿದ್ರು, ಶೆಡ್ ಮಧ್ಯ ಸ್ಟ್ಯಾಂಡ್ ಮೇಲೆ ಮಷಿನ್ ಇಟ್ಟು ತಗೊಂಡ ರೀಡಿಂಗು, ಎಲ್ಲಾ ಲಿಮಿಟ್ ಒಳಗೇ ಇತ್ತು. ಆದ್ರೆ ಶೆಡ್ ಮಧ್ಯ ನಿಂತು ಯಾರೂ ಕೆಲ್ಸ ಮಾಡಲ್ವಲ್ಲ. ಗ್ರೈಂಡರ್ ಹಿಡ್ಕೊಂಡು ಸ್ಲ್ಯಾಬ್ ಮೇಲೆ ಬಗ್ಗಿರೋನ ಮುಖಕ್ಕೂ ಬ್ಲೇಡಿಗೂ ಒಂದು ಮೊಳ ದೂರ ಅಷ್ಟೇ, ಅವನು ಎಳ್ಕೊಳ್ಳೋ ಗಾಳಿನೇ ಬೇರೆ.

ಅದಕ್ಕೆ ಪರ್ಸನಲ್ ಸ್ಯಾಂಪ್ಲಿಂಗ್ ಮಾಡಿದೆ, ಅಂದ್ರೆ ಕೆಲಸಗಾರರ ಮೈಗೇ ಪಂಪು ಕಟ್ಟಿ ಅವರು ಉಸಿರಾಡೋ ಗಾಳಿ ಅಳೆಯೋದು. ಸೊಂಟಕ್ಕೆ ಚಿಕ್ಕ ಪಂಪು, ಬೆನ್ನ ಮೇಲಿಂದ ಟ್ಯೂಬು, ಕಾಲರ್ ಹತ್ರ ಸೈಕ್ಲೋನ್, ಅದರ ಮೇಲೆ 37 ಮಿಮೀ ಪಿವಿಸಿ ಫಿಲ್ಟರ್ ಇರೋ ಕ್ಯಾಸೆಟ್, ಇದು ಮೂಗಿಂದ 30 ಸೆಂಮೀ ಒಳಗೆ ಇರ್ಬೇಕು. ಸೈಕ್ಲೋನ್ ದಪ್ಪ ಧೂಳನ್ನ ಕೆಳಗಡೆ ಬೀಳಿಸಿ ಶ್ವಾಸಕೋಶದ ಆಳಕ್ಕೆ ಹೋಗೋ ಸಣ್ಣ ಕಣನ ಮಾತ್ರ ಫಿಲ್ಟರಿಗೆ ಬಿಡುತ್ತೆ, ಆದ್ರೆ ಫ್ಲೋ (ಪಂಪು ಗಾಳಿ ಎಳೆಯೋ ವೇಗ) ಸರಿ ಇದ್ರೆ ಮಾತ್ರ: ನೈಲಾನ್ ಸೈಕ್ಲೋನಿಗೆ ನಿಮಿಷಕ್ಕೆ 1.7 ಲೀಟರ್, ಅಲ್ಯೂಮಿನಿಯಂದಕ್ಕೆ 2.5. ಫ್ಲೋ ಕಮ್ಮಿ ಆದ್ರೆ ದಪ್ಪ ಕಣನೂ ನುಗ್ಗುತ್ತೆ. ಬೆಳಿಗ್ಗೆ ಸೈಕ್ಲೋನ್ ಕ್ಯಾಸೆಟ್ ಸಮೇತ ಫ್ಲೋ ಅಳೆದು ಸರಿ ಮಾಡಿ (ಕ್ಯಾಲಿಬ್ರೇಟ್) ಸಂಜೆ ಮತ್ತೆ ಚೆಕ್ ಮಾಡ್ತೀನಿ, 5 ಪರ್ಸೆಂಟ್ ಮೇಲೆ ವ್ಯತ್ಯಾಸ ಬಂದ್ರೆ ಆ ಸ್ಯಾಂಪಲ್ ಇಟ್ಕೊಳ್ಳಲ್ಲ. ಬಿಚ್ಚೋವಾಗ ಸೈಕ್ಲೋನ್ ತಲೆಕೆಳಗೆ ಆಗ್ಬಾರ್ದು, ಕೆಳಗೆ ಕೂತಿರೋ ದಪ್ಪ ಧೂಳೆಲ್ಲ ಫಿಲ್ಟರ್ ಮೇಲೆ ಸುರಿದು ಇಡೀ ದಿನದ್ದು ಹಾಳು.

ಪಂಪು ಕಟ್ಟೋವಾಗ ಕೊಪ್ಪಳ ಕಡೆಯ ಕೆಲಸಗಾರರೊಬ್ರು, "ಇದ್ರಾಗ ಕ್ಯಾಮೆರಾ ಐತೇನ್ರಿ ಮೇಡಂ?" ಅಂದ್ರು. "ಇಲ್ಲಣ್ಣ, ನಿಮ್ಮ ಉಸಿರಲ್ಲಿ ಎಷ್ಟು ಧೂಳು ಹೋಗುತ್ತೆ ನೋಡೋಕೆ, ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡಿ" ಅಂತ ಪಂಪು ಬಿಚ್ಚಿ ತೋರಿಸಿದೆ. ಈ ಮಾತಿಗೆ ಟೈಮ್ ಕೊಡ್ಲೇಬೇಕು, ಅವತ್ತೊಂದಿನ ಹೆದರಿ ನಿಧಾನ ಮಾಡಿದ್ರೆ ಬರೋ ನಂಬರಿಗೆ ಅರ್ಥನೇ ಇಲ್ಲ.

ಒಂದು ಗಂಟೆ ಸ್ಯಾಂಪಲ್ ಸಾಕಲ್ವಾ ಅಂತ ಎಲ್ಲಾ ಕಡೆ ಕೇಳ್ತಾರೆ. ಲೆಕ್ಕ ಹಾಕಿ ನೋಡಿ. 1.7 ಲೀಟರ್ ಲೆಕ್ಕದಲ್ಲಿ ಗಂಟೆಗೆ ಸುಮಾರು 100 ಲೀಟರ್ ಗಾಳಿ, ಒಂದು ಘನ ಮೀಟರ್ ಗಾಳಿಲಿ 50 ಮೈಕ್ರೋಗ್ರಾಂ ಸಿಲಿಕಾ ಇದ್ರೂ ಫಿಲ್ಟರಲ್ಲಿ ಬೀಳೋದು ಬರೀ 5 ಮೈಕ್ರೋಗ್ರಾಂ, ಎಕ್ಸ್‌ರೇ ಡಿಫ್ರಾಕ್ಷನ್‌ನಲ್ಲಿ (ಲ್ಯಾಬಲ್ಲಿ ಸಿಲಿಕಾ ಅಳೆಯೋ ವಿಧಾನ) ಅದು ಗುರುತಿಗೆ ಸಿಕ್ಕೋದೇ ಕಷ್ಟ. 8 ಗಂಟೆ ಓಡಿಸಿದ್ರೆ 41 ಮೈಕ್ರೋಗ್ರಾಂ ಬರುತ್ತೆ, ಆಗ ಲ್ಯಾಬಿನೋರು ಧೈರ್ಯವಾಗಿ ಹೇಳ್ಬಹುದು. ಜೊತೆಗೆ ಹೋಲಿಸಿ ನೋಡೋಕೆ ಗಾಳಿ ಎಳೆಯದ ಖಾಲಿ ಫಿಲ್ಟರ್‌ಗಳನ್ನೂ ಕಳಿಸ್ಬೇಕು.

ಲಿಮಿಟ್ ವಿಷ್ಯ ನಂಗೆ ತುಂಬಾ ಮುಖ್ಯ. ನಮ್ಮ ಫ್ಯಾಕ್ಟರೀಸ್ ಆಕ್ಟಲ್ಲಿ ಇದ್ದ ಸೂತ್ರ ಅಂದ್ರೆ 10ನ್ನ ಕ್ವಾರ್ಟ್ಜ್ (ಸಿಲಿಕಾದ ಹರಳು ರೂಪ) ಪರ್ಸೆಂಟ್ ಪ್ಲಸ್ 2ರಿಂದ ಭಾಗಿಸೋದು. ಧೂಳಲ್ಲಿ 30 ಪರ್ಸೆಂಟ್ ಕ್ವಾರ್ಟ್ಜ್ ಇದ್ರೆ ಒಂದು ಘನ ಮೀಟರ್ ಗಾಳಿಲಿ 0.31 ಮಿಲಿಗ್ರಾಂ ಸಣ್ಣ ಧೂಳಿಗೆ ಅನುಮತಿ ಇತ್ತು, ಅದರಲ್ಲಿ ಸಿಲಿಕಾನೇ ಸುಮಾರು 94 ಮೈಕ್ರೋಗ್ರಾಂ. ಅಮೆರಿಕದ ಓಶಾ (ಕೆಲಸದ ಜಾಗದ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ) 2016ರಲ್ಲಿ ತಂದ ನಿಯಮದಲ್ಲಿ 50 ಮೈಕ್ರೋಗ್ರಾಂ. ಹಾಗಾಗಿ ಇಲ್ಲಿನ ಸೂತ್ರದಲ್ಲಿ ಪಾಸ್ ಆದ ಮನುಷ್ಯ ಅಲ್ಲಿ ಫೇಲ್ ಆಗ್ಬಹುದು. ಸಿಲಿಕೋಸಿಸ್ (ಈ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ) ಬಂದ್ಮೇಲೆ ವಾಸಿ ಆಗಲ್ಲ, ಟಿಬಿ ಅಪಾಯನೂ ಹೆಚ್ಚುತ್ತೆ, ಅದಕ್ಕೆ ರಿಪೋರ್ಟಲ್ಲಿ ಎರಡೂ ಪಕ್ಕಪಕ್ಕ ಹಾಕಿ, 50ಕ್ಕೇ ಗುರಿ ಇಡಿ ಅಂತ ಮಾಲೀಕರಿಗೆ ಒತ್ತಿ ಹೇಳಿದೆ.

ಫಲಿತಾಂಶದಲ್ಲಿ ನೀರು ಬಿಟ್ಕೊಂಡು ಕಟ್ ಮಾಡೋ ದೊಡ್ಡ ಮಷಿನ್ ಆಪರೇಟರ್‌ಗಳದ್ದು ಕಮ್ಮಿ, ಡ್ರೈ ಗ್ರೈಂಡರ್‌ನೋರದ್ದು ಎಲ್ಲರಿಗಿಂತ ಜಾಸ್ತಿ. ಇದು ಊಹಿಸಿದ್ದೇ. ಆದ್ರೆ ಗುಡಿಸೋ ಅಕ್ಕನ ಹೆಸ್ರು ಯೂನಿಟ್ ಕೊಟ್ಟ ಲಿಸ್ಟಲ್ಲೇ ಇರ್ಲಿಲ್ಲ, ನಾನೇ ಸೇರಿಸಿ ಸೀರೆ ಮೇಲೆ ಬೆಲ್ಟ್ ಹಾಕಿ ಪಂಪು ಕಟ್ಟಿದ್ದೆ, ಅವರದ್ದು ಗ್ರೈಂಡರ್‌ನೋರ ಹತ್ತತ್ರ ಬಂತು. ಕಾರಣ, ಸಂಜೆ ಒಣ ಪೊರಕೆ, ಆಮೇಲೆ ಬಟ್ಟೆಗೆ ಕಂಪ್ರೆಸರ್ ಗಾಳಿ ಹೊಡ್ಕೊಳ್ಳೋದು, ನೆಲಕ್ಕೆ ಕೂತಿದ್ದ ಧೂಳೆಲ್ಲ ಮತ್ತೆ ಮುಖಕ್ಕೆ.

ರಿಪೋರ್ಟ್ ಆಫೀಸಲ್ಲಿ ಕೊಟ್ಟು ಸುಮ್ನೆ ಬರ್ಲಿಲ್ಲ, ಪ್ರತಿಯೊಬ್ರಿಗೂ ಅವರವರ ನಂಬರ್ ಕೂತು ಹೇಳ್ದೆ. ಈಗ ಗ್ರೈಂಡರ್‌ಗೆ ನೀರಿನ ಪೈಪು ಬಂದಿದೆ, ಕಂಪ್ರೆಸರ್ ಗಾಳಿ ಬಂದ್, ನೆಲ ಒದ್ದೆ ಮಾಡಿ ಗುಡಿಸ್ತಾರೆ. ಮುಂದಿನ ಸಲ ಅದೇ ಜನಕ್ಕೆ, ಅದೇ ಕೆಲಸದ ಮೇಲೆ, ಪೂರ್ತಿ ಶಿಫ್ಟ್ ಪಂಪು ಕಟ್ತೀನಿ, ಅಕ್ಕನಿಗೂ ಸೇರಿ.